ನೀಲಿಗಣ್ಣಿನ ಕುದುರೆಯವನಿಗೆ ಒಂದು ಪಿಂಟ್

ಎಲ್ವಿನ್ ಗಿಟಿನ್ಸನ ಬಾಯಿಗೆ ಬೀಗ ಬಿದ್ದದ್ದನ್ನು ಇಂಗ್ಲೆಂಡಿನ ಗಡಿಯಂಚಿನ ರಾಡ್ನರ್ ಗುಡ್ಡಗಳ ಜನ ನೋಡಿದ್ದು ಅದೇ ಮೊದಲು. ಅರವತ್ತಮೂರು ವರ್ಷದ ಆಸಾಮಿ, ನಲವತ್ತು ವರ್ಷ ಹೊಲದ ಬೇಲಿ ಹೆಣೆದು ಬದುಕಿದವನು. ಮನುಷ್ಯರು ಸಿಗದಿದ್ದರೆ ಬೇಲಿಯ ಮುಳ್ಳಿನ ಜೊತೆಗೇ ಹರಟುತ್ತಾನೆ ಎಂದು ಅವನ ಹೆಂಡತಿ ಬ್ರಾನ್ವೆನ್ ಊರೆಲ್ಲ ಹೇಳಿಕೊಂಡು ನಗುತ್ತಿದ್ದಳು. ಅಂಥವನು ಮೇ ತಿಂಗಳಲ್ಲಿ ಮೂರು ದಿನ, ಮೂರು ಪಬ್ಬುಗಳ ನಡುವೆ, ಕುದುರೆಯ ಮೇಲೆ ಕೂತು ಹೂಂ, ಉಹೂಂ ಬಿಟ್ಟರೆ ಮೂರನೇ ಮಾತಾಡಲಿಲ್ಲ. ಕಾರಣ ಇತ್ತು. ಆ ಕಾರಣ ಅವನ ಮುಂದೆಯೇ ಒಂದು ಕಂದು ಕುದುರೆಯ ಮೇಲೆ ಕೂತಿತ್ತು.

ಮೆರಿಯಲ್ ಪ್ರೋಸರ್ ಪ್ರತಿ ಬೇಸಿಗೆ ಪೇಟೆಯ ಆರೇಳು ಜನರನ್ನು ಕುದುರೆ ಹತ್ತಿಸಿ, ಹಿಂದೆ ದನಗಾಹಿಗಳು ಇಂಗ್ಲೆಂಡಿನ ಸಂತೆಗಳಿಗೆ ದನ ಹೊಡೆದುಕೊಂಡು ಹೋಗುತ್ತಿದ್ದ ದಾರಿಯಲ್ಲಿ ಪಬ್ಬಿನಿಂದ ಪಬ್ಬಿಗೆ ಕರೆದೊಯ್ಯುತ್ತಾಳೆ. ಸಂಜೆ ಇಳಿದಲ್ಲಿ ಕುದುರೆಗೆ ಹಿತ್ತಲಿನ ಹುಲ್ಲು, ಸವಾರರಿಗೆ ಮಹಡಿಯ ಕೋಣೆ. ಮುಂದೆ ಮೆರಿಯಲ್, ಎಲ್ಲರ ಹಿಂದೆ ಇನ್ನೊಬ್ಬರು. ಹಿಂದಿನವರ ಕೆಲಸ ಬಿದ್ದ ಟೋಪಿ ಆರಿಸುವುದು, ಎಲ್ಲರೂ ದಾಟಿದ ಮೇಲೆ ಗೇಟು ಹಾಕುವುದು. ಅವಳ ಹಿಂದಿನ ಸವಾರ ಆ ವಾರ ಹೆಗಲಿನ ಮೂಳೆ ಮುರಿದುಕೊಂಡು ಮಲಗಿದ್ದ.

"ಗೇಟು ಹಾಕೋ ಕೆಲಸಕ್ಕೆ ನಿನ್ನ ಬಿಟ್ರೆ ಇನ್ಯಾರಯ್ಯಾ ಇದ್ದಾರೆ ಈ ಸೀಮೇಲಿ? ಬಂದುಬಿಡು," ಎಂದು ಮೆರಿಯಲ್ ಫೋನಿನಲ್ಲಿ ನಕ್ಕಳು.

ಆ ಮಾತು ಎಲ್ವಿನ್‌ಗೆ ಎಲ್ಲಿ ಚುಚ್ಚಿತು ಎಂದು ಅವಳಿಗೆ ಗೊತ್ತಿರಲಿಲ್ಲ. ಇಲ್ಲವೆನ್ನಲಾಗದೆ ಹೋದ. ಅವನ ಸ್ವಂತ ಕುದುರೆಯ ಲಾಳ ಕಳಚಿ ಬಿದ್ದಿತ್ತು, ಹಾಗಾಗಿ ನಡೆದುಕೊಂಡೇ ಅವಳ ಲಾಯಕ್ಕೆ ಹೋಗಿ ಒಂದು ಕರಿ ಕುದುರೆ ತೆಗೆದುಕೊಂಡ. ಲಾಳ ಕಳಚಿದ್ದು ದೇವರ ದಯೆ ಎಂದು ಐದು ನಿಮಿಷದಲ್ಲಿ ಅನಿಸಿತು.

ಅಂಗಳದಲ್ಲಿ ಐವತ್ತೈದರ ಆಸುಪಾಸಿನ ಒಬ್ಬ ಹೆಂಗಸು ಕೋಲೂರಿಕೊಂಡು ನಿಂತಿದ್ದಳು. ಫಿಲಿಪಾ ಆರ್ಟನ್, ಲೆಸ್ಟರ್ ಪೇಟೆಯ ಶಾಲೆಯಲ್ಲಿ ಮಕ್ಕಳಿಗೆ ಪಿಯಾನೊ ಕಲಿಸುವವಳು. ಮೆರಿಯಲ್‌ಗೆ ಹೇಳುತ್ತಿದ್ದಳು:

"ಒಂದೂವರೆ ವರ್ಷದ ಹಿಂದೆ ಇದೇ ಗುಡ್ಡದಲ್ಲಿ ಬಿದ್ದೆ. ಸ್ನೇಹಿತೆ ಮನೆ ಕುದುರೆ ತಗೊಂಡು ಒಬ್ಬಳೇ ಬಂದಿದ್ದೆ. ತೊಡೆ ಮೂಳೆ ಎರಡು ತುಂಡು. ಮಂಜು ಹೇಗಿತ್ತು ಅಂದ್ರೆ ನನ್ನ ಕೈ ನನಗೇ ಕಾಣ್ತಿರಲಿಲ್ಲ, ಕನ್ನಡಕ ಬೇರೆ ಪುಡಿಯಾಗಿತ್ತು. ಯಾರೋ ಒಬ್ರು ಬಂದ್ರು. ದಿಬ್ಬಕ್ಕೆ ಓಡಿಹೋಗಿ ಫೋನ್ ಮಾಡಿ ಬಂದ್ರು. ತಮ್ಮ ಕೋಟು ಬಿಚ್ಚಿ ಹೊದಿಸಿದ್ರು. ಎರಡು ತಾಸು ಪಕ್ಕದಲ್ಲೇ ಕೂತು, ನಿದ್ದೆ ಮಾಡ್ಬೇಡಿ ತಾಯಿ, ನಿದ್ದೆ ಮಾಡ್ಬೇಡಿ ಅಂತ ಈ ದಾರಿ ಪಬ್ಬುಗಳ ಕಥೆ ಒಂದೊಂದಾಗಿ ಹೇಳಿದ್ರು. ರಕ್ಷಣಾ ತಂಡದವರು ಬಂದ ಮೇಲೆ ಹೆಸರೂ ಹೇಳದೆ ಹೊರಟುಹೋದ್ರು. ನನಗೆ ನೆನಪಿರೋದು ಅವರ ಕುದುರೆ ಮಾತ್ರ. ಬಿಳೀದು, ಒಂದು ಕಣ್ಣು ನೀಲಿ. ಮೂಗು ತಂದು ನನ್ನ ಕೆನ್ನೆಗೇ ಒತ್ತಿತ್ತು. ಬದುಕಿದ್ರೆ ಆ ಪಬ್ಬುಗಳನ್ನೆಲ್ಲ ನೋಡ್ತೀನಿ, ಆ ಮನುಷ್ಯನ್ನ ಹುಡುಕಿ ಒಂದು ಮಾತು ಹೇಳ್ತೀನಿ ಅಂತ ಅವತ್ತೇ ಅಂದ್ಕೊಂಡಿದ್ದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎಲ್ವಿನ್ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಕರಿ ಕುದುರೆಯ ಹೊಟ್ಟೆಯ ಮರೆಯಲ್ಲಿ ಬಗ್ಗಿ, ಬಿಗಿಯಾಗಿಯೇ ಇದ್ದ ಜೀನಿನ ಪಟ್ಟಿಯನ್ನು ಮತ್ತೆ ಬಿಗಿದ. ಎರಡು ತಾಸು ಕೇಳಿದ ಧ್ವನಿ, ಬಾಯಿ ಬಿಟ್ಟರೆ ಗುರುತು ಹಿಡಿದಾಳು. ಮೆರಿಯಲ್ ಅವನ ಕಡೆ ತಿರುಗಿ ನೋಡಿದಳು. ನೀಲಿಗಣ್ಣಿನ ಬಿಳಿ ಕುದುರೆ ಇಡೀ ಸೀಮೆಯಲ್ಲಿ ಇರುವುದು ಒಂದೇ, ಅದು ಯಾರ ಕೊಟ್ಟಿಗೆಯಲ್ಲಿದೆ ಎಂದು ಹಾಲು ಕುಡಿಯುವ ಕೂಸಿಗೂ ಗೊತ್ತು. ಆದರೆ ಅಲ್ಲಿಯವರದು ಒಂದು ಪದ್ಧತಿ: ಒಬ್ಬ ತಾನಾಗಿ ಹೇಳಿಕೊಳ್ಳದ್ದನ್ನು ಇನ್ನೊಬ್ಬರು ಪರವೂರಿನವರ ಮುಂದೆ ಹೇಳುವುದಿಲ್ಲ. ಅವಳು ಸುಮ್ಮನಾದಳು. ಪಾಪ, ಸಂಕೋಚದ ಮನುಷ್ಯ ಎಂದುಕೊಂಡಳು.

ಸಂಕೋಚವಲ್ಲ. ನಡೆದದ್ದು ಇಷ್ಟು. ಎಲ್ವಿನ್‌ನ ಅಪ್ಪ ತೆರೆದ ಗೇಟು ಕಂಡರೆ ಬೆಲ್ಟು ಬಿಚ್ಚುತ್ತಿದ್ದ ಜಾತಿಯವನು. ಮಗನಿಗೂ ತೆರೆದ ಗೇಟು ಕಂಡರೆ ಕೈ ಕಡಿಯುತ್ತದೆ. ಗೇಟನ್ನು ಕಂಡ ಹಾಗೆಯೇ ಬಿಟ್ಟು ಹೋಗು ಎನ್ನುವುದೇ ಆ ಗುಡ್ಡಗಳ ನಿಯಮ, ಪೇಟೆಯವರಿಗೆ ಅದನ್ನು ಸಾವಿರ ಸಲ ಬುದ್ಧಿ ಹೇಳಿದವನೂ ಅವನೇ. ಆದರೂ ಅಕ್ಟೋಬರಿನ ಆ ದಿನ ಮಂಜಿನಲ್ಲಿ ಗುಡ್ಡ ಇಳಿದು ಬರುವಾಗ, ಎರಡೂ ಕಡೆ ಎತ್ತರದ ದಿಬ್ಬವಿರುವ ಓಣಿಯ ಕೊನೆಯಲ್ಲಿ, ಗೇಟು ಕಲ್ಲಿಗೆ ಒರಗಿ ತೆರೆದುಕೊಂಡಿದ್ದು ಕಂಡಿತು. ಪೇಟೆಯವರ ಕಿತಾಪತಿ ಎಂದು ಬೈದುಕೊಂಡ. ಕಲ್ಲು ಒದ್ದು, ಗೇಟು ಹಾಕಿ, ಸರಪಳಿ ಸುತ್ತಿ ಹೊರಟ.

ಆ ಕಲ್ಲು ಇಟ್ಟಿದ್ದವನು ಕುರಿ ಸಾಕುವ ಹೇಡನ್ ಬಫ್ಟನ್. ಕುರಿಗಳ ಮೊದಲ ಹಿಂಡನ್ನು ಓಣಿಗೆ ಬಿಟ್ಟು, ತೆರೆದ ಗೇಟಿನಿಂದ ತಮ್ಮ ಹೊಲಕ್ಕೆ ತಾವೇ ಹೋಗುತ್ತವೆಂದು ನಂಬಿ, ನಾಯಿಯೊಂದಿಗೆ ಎರಡನೇ ಹಿಂಡಿಗೆ ಮೇಲೆ ಹೋಗಿದ್ದ. ಕುರಿಗಳು ಬಂದವು, ಹಾಕಿದ ಗೇಟಿಗೆ ಬಡಿದವು, ಗಾಬರಿಯಾಗಿ ಒಟ್ಟಿಗೇ ತಿರುಗಿ ಮೇಲಕ್ಕೆ ನುಗ್ಗಿದವು. ಅವುಗಳ ಹಿಂದೆ ನಿಧಾನವಾಗಿ ಇಳಿಯುತ್ತಿದ್ದದ್ದು ಫಿಲಿಪಾಳ ಕುದುರೆ. ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಕುದುರೆ ಹಿಂಗಾಲ ಮೇಲೆ ಎದ್ದು ನಿಂತು ಅವಳ ಮೇಲೆಯೇ ಬಿತ್ತು.

ಚೀರಾಟ ಕೇಳಿ ಹಿಂದಿರುಗಿದ ಎಲ್ವಿನ್ ಗೇಟಿನ ಹತ್ತಿರ ನೆಲವೆಲ್ಲ ಕುರಿಯ ಹೆಜ್ಜೆ ಕಂಡು ಆ ಕ್ಷಣದಲ್ಲೇ ಎಲ್ಲ ತಿಳಿದುಕೊಂಡ. ಆಮೇಲೆ ಊರಿನಲ್ಲಿ ಬಫ್ಟನ್‌ನ ಎಳೆ ನಾಯಿ ಕುರಿಗಳನ್ನು ಅಡ್ಡ ತಿರುಗಿಸಿತು ಎಂದು ಸುದ್ದಿಯಾಯಿತು. ಬಫ್ಟನ್ ಏನೂ ಅನ್ನಲಿಲ್ಲ. ಎಲ್ವಿನ್ ಸಹ ಏನೂ ಅನ್ನಲಿಲ್ಲ. ಬಾಯಲ್ಲಿ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಹೆಂಡತಿಗೂ ಹೇಳಿರಲಿಲ್ಲ.

ಮೊದಲ ದಿನದ ಪಬ್ಬು "ಕುಂಟ ಬಾತು". ಮುನ್ನೂರು ವರ್ಷದ ಕಟ್ಟಡ, ನೆಟ್ಟಗೆ ನಿಂತ ಒಂದು ಗೋಡೆಯಿಲ್ಲ. ಹಿಂದೆ ಸಂತೆಗೆ ನಡೆದು ಹೋಗುವ ಬಾತುಕೋಳಿಗಳ ಕಾಲಿಗೆ ಅದರ ಅಂಗಳದಲ್ಲೇ ಟಾರು ಹಚ್ಚಿ, ಮರಳು ಮೆತ್ತಿ, ಜೋಡು ಮಾಡುತ್ತಿದ್ದರಂತೆ. ಫಿಲಿಪಾ ಒಳಗೆ ಕಾಲಿಟ್ಟವಳೇ ತೊಲೆ ಮುಟ್ಟಿ ನೋಡಿ, "ಇದನ್ನ ಹೇಳಿದ್ರು! ಟಾರಿನ ಕಥೆ ಹೇಳಿದ್ರು! ನೋವಲ್ಲೂ ನಕ್ಕುಬಿಟ್ಟಿದ್ದೆ," ಎಂದಳು. ಕುರಿಮಾಂಸದ ಸಾರು, ಬ್ರೆಡ್ಡು ಮುಗಿದ ಮೇಲೆ ಕೌಂಟರಿನ ಹತ್ತಿರ ಹೋಗಿ ಯಜಮಾನಿ ಡಾಟ್‌ಗೆ ಹೇಳಿದಳು: "ಒಂದು ಪಿಂಟ್ ಬಿಯರ್ ಹೆಚ್ಚಿಗೆ ಬರ್ಕೊಳಿ. ನೀಲಿಗಣ್ಣಿನ ಬಿಳಿ ಕುದುರೆಯವರು ಬಂದಾಗ ಕೊಡಿ."

ಅವಳಿಗೆ ಈ ಪದ್ಧತಿ ಯಾರು ಹೇಳಿಕೊಟ್ಟರು ಎಂದು ಕೇಳುವುದೇ ಬೇಡ, ಆ ಎರಡು ತಾಸಿನಲ್ಲಿ ಎಲ್ವಿನೇ ಹೇಳಿದ್ದ. ಅಲ್ಲಿನವರಿಗೆ ಉಪ್ಪಿನ ಡಬ್ಬಿ ದಾಟಿಸಿದರೆ ಹತ್ತು ಸಲ ಥ್ಯಾಂಕ್ಸ್ ಬರುತ್ತದೆ, ಪ್ರಾಣ ಉಳಿಸಿದರೆ ಗಂಟಲು ಕಟ್ಟುತ್ತದೆ. ಹಾಗಾಗಿ ಉಪಕಾರ ಮಾಡಿದವನ ಹೆಸರಿನಲ್ಲಿ ಪಬ್ಬಿನಲ್ಲಿ ಒಂದು ಪಿಂಟ್ ಬಿಟ್ಟು ಹೋಗುತ್ತಾರೆ. ಅವನು ಬಂದಾಗ ಕುಡಿಯುತ್ತಾನೆ, ಇಬ್ಬರಿಗೂ ಮುಜುಗರ ತಪ್ಪುತ್ತದೆ. ಹಾಗೆ ಬಿಟ್ಟದ್ದನ್ನು ಕುಡಿಯದಿರುವುದು ಮಾತ್ರ ಮುಖಕ್ಕೆ ಉಗಿದಂತೆ.

ಡಾಟ್ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದು, ಫಿಲಿಪಾಳ ತಲೆಯ ಮೇಲಿಂದ ಎಲ್ವಿನ್‌ನನ್ನೇ ನೋಡಿದಳು. ಫಿಲಿಪಾ ಮಹಡಿಗೆ ಹೋದ ಕೂಡಲೇ ಗ್ಲಾಸು ತುಂಬಿ ಅವನ ಮುಂದೆ ಕುಟ್ಟಿದಳು.

"ಕುಡಿಯೋ ಮಾರಾಯ."

"ಬೇಡ ಡಾಟಕ್ಕ, ಹೊಟ್ಟೆ ಸರಿ ಇಲ್ಲ."

"ನಿನಗೆ? ಹೊಟ್ಟೆ? ನಿನ್ನ ಮದುವೆ ದಿನ ಇಲ್ಲೇ ಒಂಬತ್ತು ಇಳಿಸಿ ನೆಟ್ಟಗೆ ಚರ್ಚಿಗೆ ನಡ್ಕೊಂಡು ಹೋದೋನು ನೀನು. ಆಯಮ್ಮ ಎಷ್ಟು ಆಸೆಯಿಂದ ಬಿಟ್ಟುಹೋಗಿದೆ. ದೊಡ್ಡ ಮನುಷ್ಯ ಆಗೋದು ಸರಿ ಕಣಯ್ಯಾ, ಇಷ್ಟು ದೊಡ್ಡವನಾಗ್ಬೇಡ."

ಎಲ್ವಿನ್ ಗ್ಲಾಸಿನ ನೊರೆ ಇಳಿಯುವವರೆಗೆ ನೋಡಿ, ಎದ್ದು ಕುದುರೆಗಳಿಗೆ ನೀರಿದೆಯೇ ಎಂದು ನೋಡಲು ಹೋದ.

ಎರಡನೇ ದಿನ ಒಂದು ಕಡಿದಾದ ಇಳಿಜಾರಿನಲ್ಲಿ ಫಿಲಿಪಾ ಮುಂದೆ ಹೋಗಲಾರದೆ ನಿಂತುಬಿಟ್ಟಳು. ಉಳಿದವರು ಕೆಳಗಿಳಿದು ಮರೆಯಾಗಿದ್ದರು. ಲಗಾಮು ಹಿಡಿದ ಕೈಗಳು ಬೆಳ್ಳಗಾಗಿದ್ದವು. "ಆಗಲ್ಲ. ಕ್ಷಮಿಸಿ, ಆಗ್ತಾ ಇಲ್ಲ," ಎಂದಳು. ಎಲ್ವಿನ್ ಮಾತಾಡದೆ ಇಳಿದು, ಅವಳ ಕುದುರೆಯ ಹಗ್ಗ ಒಂದು ಕೈಯಲ್ಲಿ, ತನ್ನದು ಇನ್ನೊಂದು ಕೈಯಲ್ಲಿ ಹಿಡಿದು, ಹೆಜ್ಜೆ ಹೆಜ್ಜೆಯಾಗಿ ಇಳಿಸಿದ. ಕೆಳಗೆ ತೊರೆಯ ಹತ್ತಿರ ಅವಳು ಉಸಿರು ಬಿಟ್ಟು ನಕ್ಕಳು.

"ಥ್ಯಾಂಕ್ಸ್ ಮಿಸ್ಟರ್ ಗಿಟಿನ್ಸ್. ನಿಮ್ಮ ಊರಿನ ಗಂಡಸರು ಎಲ್ಲರೂ ಹೀಗೇನಾ?"

"ಹೂಂ," ಎಂದ ಎಲ್ವಿನ್.

"ನಾನು ಆಮೇಲೆ ಆ ಕುರಿಯವನ ಮೇಲೆ ಎಷ್ಟು ಸಿಟ್ಟು ಇಟ್ಕೊಂಡಿದ್ದೆ ಗೊತ್ತಾ? ನಾಯಿ ಪಳಗಿಸೋಕೆ ಬರದಿದ್ರೆ ಯಾಕೆ ಸಾಕ್ಬೇಕು ಅಂತ. ಆಸ್ಪತ್ರೇಲಿ ಮಲಗಿ ದಿನಾ ಬೈತಿದ್ದೆ. ಆಮೇಲೆ ಬಿಳಿ ಕುದುರೆಯವರು ನೆನಪಾಗೋರು, ಸಿಟ್ಟು ಇಳಿಯೋದು. ಒಬ್ಬ ಕೆಟ್ಟದ್ದು ಮಾಡಿದ, ಇನ್ನೊಬ್ಬ ಅದಕ್ಕಿಂತ ದೊಡ್ಡ ಒಳ್ಳೇದು ಮಾಡಿದ. ಅಲ್ವಾ?"

ಎಲ್ವಿನ್ ರಿಕಾಬಿಗೆ ಕಾಲು ಹಾಕಲು ಹೋಗಿ ಎರಡು ಸಲ ತಪ್ಪಿದ. ಆ ಸಂಜೆ "ನೇಗಿಲು ನಕ್ಷತ್ರ" ಪಬ್ಬಿನಲ್ಲೂ ಅವಳು ಒಂದು ಪಿಂಟ್ ಬಿಟ್ಟಳು, ಅಲ್ಲೂ ಅವನು ಕುಡಿಯಲಿಲ್ಲ. ಅಲ್ಲಿನ ಯಜಮಾನ ಮೂವತ್ತು ವರ್ಷದ ಸ್ನೇಹಿತ, "ಏನಯ್ಯಾ, ನಾಲಿಗೆ ಬೆಕ್ಕಿಗೆ ಹಾಕಿಬಿಟ್ಯಾ?" ಎಂದು ಕಾಡಿದ. ಕೊನೆಗೆ ಬೇಸರಪಟ್ಟುಕೊಂಡು ಗ್ಲಾಸನ್ನು ಎತ್ತಿಟ್ಟ.

ಮೂರನೇ ದಿನ ಮಧ್ಯಾಹ್ನ ಆ ಓಣಿ ಬಂತು. ಬಿಸಿಲು ಚೆನ್ನಾಗಿತ್ತು, ದಿಬ್ಬದ ಮೇಲೆಲ್ಲ ಹಳದಿ ಹೂ. ಮೆರಿಯಲ್ ಗೇಟು ತೆರೆದು ಎಲ್ಲರನ್ನೂ ದಾಟಿಸಿ ಮುಂದೆ ಹೋದಳು. ಎಲ್ವಿನ್ ಇಳಿದು ಗೇಟು ಎಳೆದ. ಸರಪಳಿ ಎರಡು ಸುತ್ತು ಸುತ್ತಿ, ಕೊಕ್ಕೆಯನ್ನು ಒಳಮುಖವಾಗಿ ಸಿಕ್ಕಿಸಿದ. ಹಾಗೆ ಸಿಕ್ಕಿಸಿದರೆ ಕುದುರೆ ಮೂತಿಯಿಂದ ಬಿಚ್ಚಲಾರದು, ಅಪ್ಪ ಕಲಿಸಿದ್ದು. ತಲೆ ಎತ್ತಿದರೆ ಫಿಲಿಪಾ ಮುಂದೆ ಹೋಗದೆ ನಿಂತಿದ್ದಳು. ಗೇಟು ಹಾಕುವವನನ್ನು ಒಂಟಿಯಾಗಿ ಬಿಟ್ಟರೆ ಅವನ ಕುದುರೆ ಹತ್ತಿಸಿಕೊಳ್ಳುವುದಿಲ್ಲ, ಯಾರಾದರೂ ಒಬ್ಬರು ಕಾಯಬೇಕು. ಮರ್ಯಾದೆಯ ಸವಾರರು ಹಾಗೆ ಕಾಯುತ್ತಾರೆ.

"ಇಲ್ಲೇ. ಇಲ್ಲೇ ಸ್ವಲ್ಪ ಮೇಲೆ ನಾನು ಬಿದ್ದಿದ್ದು," ಎಂದಳು. "ನೋಡೋಕೆ ಎಷ್ಟು ಚಂದ ಇದೆ ಅಲ್ವಾ?"

ಹೇಳಬೇಕೆಂದರೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಯಾರೂ ಇರಲಿಲ್ಲ. ಎಲ್ವಿನ್ ಬಾಯಿ ತೆರೆದ. ಆದರೆ ಅವಳ ಮುಖದಲ್ಲಿದ್ದ ಆ ನೆಮ್ಮದಿ ನೋಡಿ ಬಾಯಿ ಮುಚ್ಚಿದ. ಅವನ ಬದುಕಿನಲ್ಲಿ ಯಾರೂ ಅವನನ್ನು ಅಷ್ಟು ಒಳ್ಳೆಯವನೆಂದು ಎಣಿಸಿರಲಿಲ್ಲ. ಸುಳ್ಳೇ ಇರಲಿ, ಅದನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. ನಾಳೆ ಅವಳು ಲೆಸ್ಟರಿಗೆ ಹೋಗುತ್ತಾಳೆ, ಅಲ್ಲಿಗೆ ಮುಗಿಯಿತು ಎಂದುಕೊಂಡ.

ಕೊನೆಯ ಪಬ್ಬು "ಉಣ್ಣೆಮೂಟೆ". ಒಳಗೆ ಒಲೆಯ ಪಕ್ಕದ ಬೆಂಚಿನಲ್ಲಿ ಹೇಡನ್ ಬಫ್ಟನ್ ಕೂತಿದ್ದ. ಎಪ್ಪತ್ತರ ಸಣಕಲು ಮುದುಕ, ಕಾಲ ಬುಡದಲ್ಲಿ ನಾಯಿ. ಯಾರೋ ನಾಯಿಯ ತಲೆ ಸವರುತ್ತ, "ಇದೇನಾ ಬಫ್ಟನ್, ಆ ಪೇಟೆ ಹೆಂಗಸನ್ನ ಕೆಡವಿದ್ದು?" ಎಂದು ತಮಾಷೆ ಮಾಡಿದರು. ಫಿಲಿಪಾ ಅದನ್ನು ಕೇಳಿಸಿಕೊಂಡಳು. ಅವಳು ಕೋಲೂರಿಕೊಂಡು ನೇರ ಅವನ ಮುಂದೆ ಹೋಗಿ ನಿಂತಳು.

"ಆ ಹೆಂಗಸು ನಾನೇ ಮಿಸ್ಟರ್ ಬಫ್ಟನ್. ನಿಮ್ಮ ಮೇಲೆ ತುಂಬಾ ಸಿಟ್ಟಿತ್ತು. ಈ ಮೂರು ದಿನದಲ್ಲಿ ಎಲ್ಲ ಹೋಯ್ತು. ನಿಮ್ಮನ್ನೂ ನಿಮ್ಮ ನಾಯೀನೂ ಕ್ಷಮಿಸಿದೀನಿ ಅಂತ ಹೇಳೋಣ ಅಂತ ಬಂದೆ."

ಬಫ್ಟನ್ ಎದ್ದು ನಿಂತು ಟೋಪಿ ತೆಗೆದ. "ದೊಡ್ಡ ಮನಸ್ಸು ತಾಯಿ," ಎಂದ.

ಅದನ್ನು ಮಾತ್ರ ಎಲ್ವಿನ್ ಸಹಿಸಲಾರದೆ ಹೋದ. ತನಗೆ ಸಿಕ್ಕ ಹೊಗಳಿಕೆ ಕದ್ದದ್ದು ಎಂದು ಮೂರು ದಿನದಿಂದ ಗೊತ್ತಿತ್ತು. ಆದರೆ ಎಪ್ಪತ್ತರ ಮುದುಕ ಎಲ್ಲರ ಎದುರು ಬರಿತಲೆಯಲ್ಲಿ ನಿಂತು ಎಲ್ವಿನ್ ಮಾಡಿದ ತಪ್ಪಿಗೆ ಕ್ಷಮೆ ಪಡೆಯುವುದನ್ನು ನೋಡುವುದು ಬೇರೆ.

"ಟೋಪಿ ಹಾಕ್ಕೊಳೋ ಹೇಡನ್," ಎಂದ. ಧ್ವನಿ ಬೇಕಾದ್ದಕ್ಕಿಂತ ಜೋರಾಗಿ ಬಂತು. "ತಪ್ಪು ನಾಯಿದೂ ಅಲ್ಲ, ಅವನದೂ ಅಲ್ಲಮ್ಮ. ಗೇಟು ಹಾಕಿದ್ದು ನಾನು. ಅವನು ಕುರಿಗೆ ಅಂತ ಕಲ್ಲಿಟ್ಟು ತೆರೆದಿಟ್ಟಿದ್ದ, ನಾನು ಬಂದು ಕಲ್ಲು ಒದ್ದು ಹಾಕಿಬಿಟ್ಟೆ. ಅದಕ್ಕೇ ಕುರಿ ತಿರುಗಿ ನುಗ್ಗಿದ್ದು. ಬಿಳಿ ಕುದುರೆನೂ ನಂದೇ. ಕೋಟೂ ನಂದೇ. ನಿಮ್ಮ ಕಾಲು ಮುರಿದೋನೂ ನಾನೇ, ಪಕ್ಕದಲ್ಲಿ ಕೂತು ಕಥೆ ಹೊಡೆದೋನೂ ನಾನೇ. ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ."

ಫಿಲಿಪಾಳ ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ಮೊದಲು ಮಾತಾಡಿದವನು ಬಫ್ಟನ್.

"ಗೊತ್ತಿತ್ತು ಕಣೋ."

"ಏನು?"

"ಸರಪಳಿ ಎರಡು ಸುತ್ತು, ಕೊಕ್ಕೆ ಒಳಗಡೆಗೆ. ಈ ಗುಡ್ಡದಲ್ಲಿ ನಿಮ್ಮಪ್ಪನ್ನ ಬಿಟ್ರೆ ನೀನೊಬ್ಬನೇ ಹಾಗೆ ಹಾಕೋನು. ಅವತ್ತೇ ಸಂಜೆ ನೋಡಿದೆ."

"ಮತ್ತೆ ಯಾಕೋ ಸುಮ್ಮನಿದ್ದೆ? ಊರೆಲ್ಲ ನಿನ್ನ ನಾಯಿನ ಬೈತಾ ಇದ್ರೂ?"

ಬಫ್ಟನ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ನನಗೂ ಕೂಗು ಕೇಳಿಸಿತ್ತು. ನರಿ ಇರ್ಬೇಕು ಅಂದ್ಕೊಂಡೆ. ನರಿ ಅಲ್ಲ ಅಂತ ಗೊತ್ತಿತ್ತು. ಆದ್ರೂ ಕುರಿ ಚದುರಿಹೋಗಿದ್ವಲ್ಲ, ಅವುಗಳ ಹಿಂದೆ ಹೋದೆ. ನೀನು ವಾಪಸ್ ಹೋಗಿ ಎರಡು ತಾಸು ಶರಟಲ್ಲಿ ನಡುಗ್ತಾ ಕೂತಿದ್ದೆ. ಯಾವ ಮುಖ ಇಟ್ಕೊಂಡು ನಿನ್ನ ಹೆಸರು ಹೇಳಲಿ? ಬೈಸ್ಕೊಳೋದು ನನಗೆ ಸರಿಯಾಗೇ ಇತ್ತು ಬಿಡು."

ಫಿಲಿಪಾ ಇಬ್ಬರನ್ನೂ ಒಮ್ಮೆ ನೋಡಿದಳು. ಹಿತ್ತಲಿನ ಬಾಗಿಲಿನಿಂದ ಹೊರಗೆ ಹೋದಳು. ಅವಳ ಕೋಲಿನ ಸದ್ದು ಅಂಗಳದ ಕಲ್ಲಿನ ಮೇಲೆ ದೂರವಾಯಿತು.

"ಹೋಗೋ," ಎಂದಳು ಮೆರಿಯಲ್. "ಏನು ನೋಡ್ತಾ ನಿಂತೆ?"

"ಏನಂತ ಹೋಗಲಿ?"

"ಬೈಸ್ಕೊಳೋಕಾದ್ರೂ ಹೋಗು. ಬಾಕಿ ಇದೆಯಲ್ಲ."

ಎಲ್ವಿನ್ ಹೋದ. ಫಿಲಿಪಾ ಹುಲ್ಲುಗಾವಲಿನ ಕಟ್ಟೆಯ ಮೇಲೆ ಕೂತಿದ್ದಳು, ಅತ್ತಿದ್ದಳು. ಅವನು ನಾಲ್ಕು ಮಾರು ದೂರ ನಿಂತ.

"ಗೇಟು ಹಾಕಿದಾಗಲೇ ಗೊತ್ತಿತ್ತಾ ನಿಮಗೆ, ನಾನು ಹಿಂದೆ ಬರ್ತಿದೀನಿ ಅಂತ?"

"ಇಲ್ಲಮ್ಮ. ದೇವರಾಣೆ ಇಲ್ಲ."

"ಕೂಗು ಕೇಳಿ ವಾಪಸ್ ಬಂದಾಗ? ನಿಮ್ಮಿಂದಲೇ ಆಗಿದ್ದು ಅಂತ ಆಗ ಗೊತ್ತಾಗಿತ್ತಾ?"

"ಗೇಟು ನೋಡಿದ ಕೂಡಲೇ ಗೊತ್ತಾಯ್ತು."

"ಆಗ ಹಾಗೇ ಹೋಗಿಬಿಡಬಹುದಿತ್ತು. ಮಂಜಿತ್ತು. ಯಾರೂ ನೋಡಿರಲಿಲ್ಲ."

ಎಲ್ವಿನ್ ಅದನ್ನು ಯೋಚಿಸಿಯೇ ಇರಲಿಲ್ಲ. ಒಂದೂವರೆ ವರ್ಷದಲ್ಲಿ ಒಮ್ಮೆಯೂ ಆ ದಾರಿ ಅವನ ತಲೆಗೆ ಬಂದಿರಲಿಲ್ಲ. "ಹೋಗೋದಾ? ಹೇಗೆ ಹೋಗೋದಮ್ಮ?" ಎಂದ, ನಿಜಕ್ಕೂ ಅರ್ಥವಾಗದೆ.

ಅವಳು ಎರಡೂ ಕೈಯಿಂದ ತನ್ನ ಎಡ ತೊಡೆಯನ್ನು ಒತ್ತಿ ಹಿಡಿದಳು.

"ಮಳೆ ಬಂದ್ರೆ ಇದು ನೋಯುತ್ತೆ ಮಿಸ್ಟರ್ ಗಿಟಿನ್ಸ್. ಮೆಟ್ಟಿಲು ಹತ್ತಿದ್ರೆ ನೋಯುತ್ತೆ. ಅದು ನಿಮ್ಮಿಂದ. ನೋಯೋಕೆ ನಾನು ಅಂತ ಒಬ್ಬಳು ಇದೀನಲ್ಲ, ಅದೂ ನಿಮ್ಮಿಂದಲೇ. ನೋವಾದಾಗ ಬೈತೀನಿ, ಚೆನ್ನಾಗೇ ಬೈತೀನಿ. ಉಳಿದ ಹೊತ್ತೆಲ್ಲ ನಿಮಗೆ ಋಣಿ. ಇವೆರಡನ್ನ ಕೂಡಿಸಿ ಕಳೆಯೋಕೆ ನನಗೆ ಬರಲ್ಲ."

ಎಲ್ವಿನ್ ಟೋಪಿ ತೆಗೆದ. ತನ್ನ ಸೀಮೆಯ ಯಾವ ಗಂಡಸೂ ಇಂಥ ಮಾತನ್ನು ಬಾಯಿಬಿಟ್ಟು ಹೇಳಿದ್ದನ್ನು ಅವನು ಕೇಳಿರಲಿಲ್ಲ, ಹೇಗೆ ಹೇಳಬೇಕೆಂದು ತಿಳಿಯದೆ ನೆಲ ನೋಡುತ್ತ ಹೇಳಿದ:

"ನಿಮ್ಮಿಂದ ದೊಡ್ಡ ಉಪಕಾರ ಆಯ್ತಮ್ಮ."

ಅವಳು ಕೈ ಚಾಚಿದಳು. ಅವನು ಹಿಡಿದು ಎಬ್ಬಿಸಿದ. ಕೂತೂ ಕೂತೂ ಕಾಲು ಮರಗಟ್ಟಿತ್ತು, ನಿಂತವಳು ಮೊದಲು ಒಂದು ಸಲ ಜೋರಾಗಿ ಬೈದಳು, ಆಮೇಲೆ ಅವನ ತೋಳಿನ ಮೇಲೆ ಭಾರ ಬಿಟ್ಟು ಒಳಗೆ ನಡೆದಳು.